ಮಾರ್ಜಿನ್ ಬಿಡುವ ಕೈ

ಟೈಲರಮ್ಮ ಹೊಲಿದ ಅಂಗಿ ಬಿಗಿಯಾಯಿತೆಂದು ದೂರಿದವರಿಲ್ಲ. ಅಳತೆಯ ಗೆರೆಯಾಚೆ ಎರಡು ಬೆರಳು ಮಾರ್ಜಿನ್ ಬಿಟ್ಟೇ ಅವಳು ಕತ್ತರಿ ಆಡಿಸುತ್ತಿದ್ದಳು. ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸ ಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಎಂದರು. ಐವತ್ತು ದಾಟಿದ ಮೇಲೆ ಅವಳು ಮಗಳ ಮುಂದೆ ಪುಸ್ತಕ ಹಿಡಿದು ಕೂತಳು.

ಅಂದಿನ ಪಾಠ, ವಾಕ್ಯದೊಳಗಿನ ಇನ್ಫಿನಿಟಿವ್ ಪದಗುಚ್ಛ ಹುಡುಕಿ ಅಡಿಗೆರೆ ಎಳೆಯುವುದು. 'ಶಿ ವಾಂಟ್ಸ್ ಟು ಓಪನ್ ಎ ಶಾಪ್' ಎಂಬಲ್ಲಿ ಟೈಲರಮ್ಮ 'ವಾಂಟ್ಸ್'ನಿಂದಲೇ ಗೆರೆ ಎಳೆದಳು.

"ಅಮ್ಮಾ, 'ಟು' ಇಂದ ಶುರು ಮಾಡು ಅಂತ ಎಷ್ಟು ಸಲ ಬಡ್ಕೊಳ್ಳಲಿ? 'ಟು ಓಪನ್ ಎ ಶಾಪ್', ಅಷ್ಟೇ."

"ಗೊತ್ತು ಕಣೇ. ಅಂಚಿಗೊಂದು ಪದ ಜಾಸ್ತಿ ಇರಲಿ ಅಂತ ಬಿಟ್ಟೆ. ಆಮೇಲೆ ಸಾಲದೆ ಹೋದ್ರೆ?"

"ವಾಕ್ಯ ಏನು ನಿನ್ನ ಗಿರಾಕಿ ಹೊಟ್ಟೆನಾ, ಬೆಳೆಯೋಕೆ? ಮಾರ್ಜಿನ್ ಬಿಟ್ರೆ ಮಾರ್ಕ್ಸ್ ಹೋಗುತ್ತೆ. ಗೆರೆ ಮೇಲೇ ಕತ್ತರಿಸು!"

ದಿನವೂ ಬೈಸಿಕೊಂಡು ಟೈಲರಮ್ಮ ತನ್ನ ಕೈಯನ್ನು ಹದ್ದುಬಸ್ತಿಗೆ ತಂದಳು. ಪರೀಕ್ಷೆಯಲ್ಲಿ ಒಂದು ಪದವೂ ಅತ್ತಿತ್ತ ಆಗಲಿಲ್ಲ. ಪಾಸಾದಳು, ಕೆಲಸವೂ ಸಿಕ್ಕಿತು. ಆ ಖುಷಿಗೆ ಮಗಳಿಗೊಂದು ಅಂಗಿ ಹೊಲಿದು ಕೊಟ್ಟಳು.

ಮಗಳು ಉಸಿರು ಬಿಗಿಹಿಡಿದರೂ ಗುಂಡಿ ಕೂರಲಿಲ್ಲ. ಬಿಚ್ಚಿ ಸಡಿಲ ಮಾಡೋಣವೆಂದರೆ ಒಳಗೆ ಒಂದೆಳೆ ಬಟ್ಟೆಯೂ ಉಳಿದಿರಲಿಲ್ಲ.

"ಅಮ್ಮಾ, ಮಾರ್ಜಿನ್ ಎಲ್ಲಿ?"

ಟೈಲರಮ್ಮ ಅಂಗಿಯನ್ನು ತಿರುಗಿಸಿ ನೋಡಿ ನಾಲಿಗೆ ಕಚ್ಚಿಕೊಂಡಳು. ಆದರೆ ಸೋಲೊಪ್ಪುವ ಜಾತಿಯವಳಲ್ಲ.

"ಕಲಿಸಿದೋಳು ನೀನೇ ತಾನೆ? ಸ್ವಲ್ಪ ದಿನ ಊಟ ಕಮ್ಮಿ ಮಾಡು, ಸರಿಹೋಗುತ್ತೆ."