ವಿಮಾನಕ್ಕೆ ಹಾಕಿದ ಗಂಟು

ಆ ವಿಮಾನದಿಂದ ನಮ್ಮ ಮನೆಗೆ ಒಂದು ಕರೆಯುವ ಹಸುವಿನಷ್ಟು ನಷ್ಟವಾಯಿತು. ಎಲ್ಲೋ ಸಮುದ್ರದ ಮೇಲೆ ಕಾಣೆಯಾದ ವಿಮಾನಕ್ಕೂ ಹೊಸೂರು ಸೀಮೆಯ ತಳಿ ಎಂಬ ಊರಿನ ಪಕ್ಕದ ನಮ್ಮ ಹಳ್ಳಿಯ ಹಸುವಿಗೂ ಏನು ಸಂಬಂಧ ಅನ್ನುತ್ತೀರಿ. ಸಂಬಂಧ ಒಂದು ಹಗ್ಗದ್ದು. ಸೊಪ್ಪಿನ ವ್ಯಾಪಾರಕ್ಕೆ ಇಳಿದ ಮೇಲೆ ನಾನು ಬೇಕಾದಷ್ಟು ನಷ್ಟ ಕಂಡಿದ್ದೇನೆ. ಮಳೆ, ಕೆಟ್ಟು ನಿಂತ ಲಾರಿ, ನನ್ನದೇ ದುರಾಸೆ, ಹೀಗೆ ಪ್ರತಿಯೊಂದಕ್ಕೂ ಒಂದು ಕಾರಣ ಸಿಕ್ಕಿದೆ. ಇದೊಂದಕ್ಕೆ ಮಾತ್ರ ಇವತ್ತಿನವರೆಗೆ ಯಾರೂ ಕಾರಣ ಕೊಟ್ಟಿಲ್ಲ.

ಆಗ ನಾನಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹುಣಸೆ ಬಡಿಯುವ ಕಾಲ. ಅಂಗಳದ ತುಂಬ ಹಣ್ಣಿನ ರಾಶಿ, ಬೆರಳ ಸಂದಿಯಲ್ಲಿ ಅಂಟು, ಉಗುರು ಕಪ್ಪು, ನಾಲಿಗೆ ಒರಟು. ಹೆಂಗಸರು ಬೀಜ ಬಿಡಿಸುತ್ತಿದ್ದರೆ ನಾವು ಮಕ್ಕಳು ಆ ಬೀಜ ಹುರಿದು ಕಟುಂ ಕಟುಂ ಕಡಿಯುತ್ತಿದ್ದೆವು. ಆ ಸಲ ನಮಗೊಂದು ಹೊಸ ಆಟವೂ ಹುಟ್ಟಿತ್ತು. ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಬೀಜ ಬಚ್ಚಿಟ್ಟು, "ವಿಮಾನ ಎಲ್ಲೈತೆ ಹೇಳ್ಲಾ?" ಎಂದು ಕೂಗುವುದು.

ಒಂದು ಸಂಜೆ ನಮ್ಮ ಆಟ ನೋಡಿ ಅಮ್ಮ ನನ್ನ ಬೆನ್ನಿಗೊಂದು ಗುದ್ದಿದಳು. ಯಾಕೆಂದರೆ ಚಿಕ್ಕಪ್ಪ ಮುನಿರಾಜು ಆ ವಿಮಾನ ಹೊರಟ ದೇಶದಲ್ಲೇ ಹೋಟೆಲ್ ಕೆಲಸಕ್ಕಿದ್ದ. ಆ ವಾರವೇ ಊರಿಗೆ ಹೊರಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ಆಮೇಲೆ ಅವನ ಫೋನು ಸತ್ತಿತ್ತು. ಟೀವಿಯಲ್ಲಿ ವಿಮಾನ ಕಾಣೆ ಎಂದು ಬಂದಿದ್ದು ಅದೇ ವಾರ.

ನಮ್ಮ ಮೇಷ್ಟರು ಬಂದು ಸಮಾಧಾನ ಹೇಳಿದರು. "ಅಜ್ಜೀ, ಅದು ನಮ್ಮ ಕಡೆ ಬರೋ ವಿಮಾನವೇ ಅಲ್ಲ. ಬೇರೆ ದಿಕ್ಕಿಗೆ ಹೊರಟಿದ್ದು."

ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ತಪ್ಪಿಸ್ಕೊಂಡ ದನ ಹೊರಟ ದಿಕ್ಕಿಗೇ ಹೋಯ್ತದಾ ಸ್ವಾಮಿ? ಅದು ತಿರುಗಿ ಈ ಕಡೀಕೇ ಬಂತಂತೆ, ಟೀವಿಯೋರೇ ಅಂದ್ರು."

ಮೇಷ್ಟರು ಕಾಫಿ ಕುಡಿದು ಎದ್ದರು.

ಅಪ್ಪ ತಳಿಗೂ ಜವಳಗಿರಿಗೂ ಜೀಪು ಓಡಿಸುತ್ತಿದ್ದ. ಜೀಪು ಬಿಟ್ಟು ಹೊಸೂರಿಗೆ ಹೋಗಿ, ಚಿಕ್ಕಪ್ಪನನ್ನು ಕಳಿಸಿದ ಏಜೆಂಟನ ಮುಂದೆ ಕೂತ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದ. ಆ ಮನುಷ್ಯ ತಲೆ ಎತ್ತದೆ "ಪಾಕ್ಕಲಾಂ" ಅಂದ. ತಮಿಳಿನಲ್ಲಿ ನೋಡೋಣ ಅಂತ. ಮರುದಿನವೂ ಪಾಕ್ಕಲಾಂ. "ಗೊತ್ತಿಲ್ಲ ಅಂತಾದ್ರೂ ಅನ್ನಯ್ಯಾ!" ಎಂದು ಅಪ್ಪ ಮೇಜು ಗುದ್ದಿದರೆ, "ಕೋಪಪಡಾದೀಂಗ ಅಣ್ಣೇ, ಪಾಕ್ಕಲಾಂ" ಅಂದ, ಸಿಟ್ಟಾಗಬೇಡಿ ಅಣ್ಣ, ನೋಡೋಣ ಅಂತ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಊರಲ್ಲಿ ಮಾತ್ರ ಉತ್ತರಕ್ಕೆ ಬರವಿರಲಿಲ್ಲ. ಕದ್ದೊಯ್ದು ದ್ವೀಪದಲ್ಲಿ ಬಚ್ಚಿಟ್ಟಿದ್ದಾರೆ ಅಂದರು. ದೊಡ್ಡ ದೇಶದವರು ಹೊಡೆದು ಬಾಯಿ ಮುಚ್ಚಿಕೊಂಡಿದ್ದಾರೆ ಅಂದರು. ಕೊನೆಗೆ ಟೀ ಅಂಗಡಿಯವರೆಲ್ಲ ಒಂದೇ ಮಾತಿಗೆ ಬಂದರು: "ಡ್ರೈವರ್‌ದೇ ಕಿತಾಪತಿ."

ಅಪ್ಪ ಅವರತ್ತ ತಿರುಗಿದ. "ಕಾಡಲ್ಲಿ ಆನೆ ಅಡ್ಡ ಬಂದು ಜೀಪು ಲೇಟಾದ್ರೂ ನಂದೇ ತಪ್ಪು ಅಂತೀರಿ. ಬಾಯಿಲ್ಲದೋನ ಮ್ಯಾಲೆ ಹಾಕೋದು ಬಲು ಸಲೀಸು. ನೋಡಿದ್ದೀರೇನ್ಲಾ ನೀವು?"

"ನೀನು ನೋಡಿದ್ದೀಯೇನಣ್ಣ?"

ಅಪ್ಪ ಟೀ ಅಲ್ಲೇ ಇಟ್ಟು ಬಂದ.

ಆ ಸಂಜೆ ಅಜ್ಜಿ ಕೊಟ್ಟಿಗೆಗೆ ಹೋದಳು. ನಮ್ಮ ಕಡೆ ದನ ಕಾಡಿನಿಂದ ವಾಪಸು ಬರದಿದ್ದರೆ ಬಾಯಿ ಕಟ್ಟುವುದು ಅಂತ ಒಂದುಂಟು. ಅದೇ ಕೊಟ್ಟಿಗೆಯ ಇನ್ನೊಂದು ಹಸುವಿನ ಹಗ್ಗ ಬಿಚ್ಚಿ, ದೇವರನ್ನು ನೆನೆದು, ಗಂಟು ಹಾಕಿ ತೊಲೆಗೆ ನೇತುಹಾಕುತ್ತಾರೆ. ಆಗ ಕಾಡುಮೃಗಗಳ ಬಾಯಿ ಕಟ್ಟಿಹೋಗುತ್ತದೆ, ತಪ್ಪಿದ ದನಕ್ಕೆ ಏನೂ ಆಗುವುದಿಲ್ಲ ಎಂದು ನಂಬಿಕೆ. ಕಳೆದದ್ದು ಸಿಗುವವರೆಗೆ ಗಂಟು ಬಿಚ್ಚುವಂತಿಲ್ಲ. ಬದುಕಿರಲಿ, ಮೂಳೆಯಾಗಿರಲಿ, ಸಿಗಬೇಕು. ಅಲ್ಲಿಯವರೆಗೆ ಆ ಹಗ್ಗದ ಹಸುವನ್ನು ಮಾರುವಂತೆಯೂ ಇಲ್ಲ.

ಅಜ್ಜಿ ಬಿಚ್ಚಿದ್ದು ನಮ್ಮ ಕೆಂಪಿಯ ಹಗ್ಗ. ಆಗತಾನೆ ಕರು ಹಾಕಿ ಬಿಂದಿಗೆ ತುಂಬ ಹಾಲು ಕೊಡುತ್ತಿದ್ದ ಹಸು. ಅದನ್ನು ಕೊಳ್ಳಲು ದಲ್ಲಾಳಿ ವೆಂಕಟಪ್ಪ ಅಪ್ಪನ ಜೊತೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು ಮುಗಿಸಿಯೂ ಆಗಿತ್ತು.

"ಸಮುದ್ರದಾಗೆ ಹುಲಿ ಎಲ್ಲೈತಜ್ಜೀ?" ಎಂದೆ.

"ಏನೈತೋ ಯಾರು ಕಂಡೋರು? ಅದ್ಕೂ ಬಾಯಿ ಇರ್ತದೆ ಕಣಮ್ಮಿ."

ಚಿಕ್ಕಪ್ಪನ ಫೋನು ಬಂದಾಗ ಹುಣಸೆ ಕುಟ್ಟಿ ಉಂಡೆ ಕಟ್ಟುತ್ತಿದ್ದೆವು. ಯಜಮಾನ ಇವನನ್ನು ದೂರದ ಇನ್ನೊಂದು ಊರಿನ ಹೋಟೆಲ್ಲಿಗೆ ಸಾಗಿಸಿದ್ದ. ಹಳೆಯ ಫೋನು ಕಳೆದು, ನಂಬರುಗಳೆಲ್ಲ ಅದರ ಜೊತೆ ಹೋಗಿದ್ದವು. ಅಮ್ಮ ಅತ್ತಳು, ಅಪ್ಪ ಬೈದ. ಅಜ್ಜಿ ಫೋನು ಹಿಡಿದು, "ಉಂಡ್ಯಾ ಮಗ?" ಎಂದಷ್ಟೇ ಕೇಳಿದಳು.

ವೆಂಕಟಪ್ಪನಿಗೆ ಸುದ್ದಿ ಮುಟ್ಟಿದ್ದೇ ತಡ, ಅಂಗಳದಲ್ಲಿ ಹಾಜರ್. ಅಪ್ಪ ತೊಲೆಯ ಹಗ್ಗಕ್ಕೆ ಕೈ ಹಾಕಿದ.

"ಮುಟ್ಬೇಡ," ಅಂದಳು ಅಜ್ಜಿ.

"ಅವ್ವಾ, ಮುನಿರಾಜ ಸಿಕ್ಕಿದ್ನಲ್ಲವ್ವಾ!"

"ಅವ್ನು ಸಿಕ್ಕಿದ. ವಿಮಾನ ಸಿಕ್ತಾ? ನಾನು ಗಂಟು ಹಾಕೋವಾಗ ಮುನಿರಾಜ ಒಬ್ಬನ್ನೇ ಅಂದ್ಕೊಂಡು ಹಾಕ್ಲಿಲ್ಲ. ಒಳಗೆ ಕುಂತೋರೆಲ್ಲಾರ್ನೂ ನೆನೆದು ಹಾಕ್ದೆ. ನಮ್ಮೋನು ಬಂದ ಅಂತ ಬಿಚ್ಚಿದ್ರೆ ಮಿಕ್ಕೋರ ಗತಿ?"

"ಅವರು ನಮಗೇನಾಗ್ಬೇಕು?"

"ನಿನ್ನೆ ಗಂಟ ಎಲ್ಲಾರೂ ಮುನಿರಾಜನ ಪಕ್ಕದಾಗೇ ಕುಂತಿದ್ರು ಕಣ್ಲಾ."

ಅಪ್ಪ ಕೈ ತೆಗೆದ. ವೆಂಕಟಪ್ಪ ಟವೆಲ್ ಕೊಡವಿ ಹೊರಟ. ಕೆಂಪಿ ನಮ್ಮಲ್ಲೇ ಬತ್ತಿತು, ಮುದಿಯಾಯಿತು, ನಮ್ಮ ಹೊಲದ ಬದಿಯಲ್ಲೇ ಮಣ್ಣಾಯಿತು. ಎಷ್ಟೋ ದಿನದ ಮೇಲೆ ಯಾವುದೋ ದಡಕ್ಕೆ ವಿಮಾನದ ಚೂರು ಬಂದು ಬಿದ್ದಿದೆ ಎಂದು ಟೀವಿಯವರು ಹೇಳಿದಾಗ ನಾನು ಓಡಿಹೋಗಿ ಅಜ್ಜಿಗೆ ತಿಳಿಸಿದೆ. "ಬಾಲದ ಕೂದ್ಲು ಸಿಕ್ಕಿದ್ರೆ ದನ ಸಿಕ್ಕಂಗಾ?" ಅಂದಳು.

ಈಗ ಅಜ್ಜಿ ಇಲ್ಲ. ರಸ್ತೆ ಅಗಲವಾಗಿ ಹುಣಸೆಮರ ಹೋಯಿತು. ಹಣ್ಣನ್ನು ಈಗ ಅಂಗಡಿಯಿಂದ ತರುತ್ತೇವೆ, ಬೀಜ ತೆಗೆದೇ ಬರುತ್ತದೆ. ಹುಡುಕಾಟದ ಸುದ್ದಿ ಆಗಾಗ ಟೀವಿಯಲ್ಲಿ ಬರುತ್ತದೆ. ಟೀ ಅಂಗಡಿಯಲ್ಲಿ ಅದೇ ಡ್ರೈವರನ ಮಾತು, ಹೇಳುವವರು ಮಾತ್ರ ಹೊಸಬರು. ಒಂದು ಕಟ್ಟು ಕೊತ್ತಂಬರಿ ಹೊಸೂರು ದಾಟಿ ಎಲ್ಲಿಗೆ ಹೋಯಿತೆಂದು ನಾನು ಫೋನಿನಲ್ಲೇ ಪತ್ತೆ ಹಚ್ಚುತ್ತೇನೆ. ಅಷ್ಟು ಜನ ಕೂತಿದ್ದ ವಿಮಾನಕ್ಕೆ ಒಂದು ಪತ್ತೆ ಇಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಹಿಂದೆ ಹಸುವಿನ ದುಡ್ಡು ಹೋಯಿತಲ್ಲಾ ಎಂದು ಸಿಟ್ಟಿತ್ತು. ಈಗಿನ ಸಿಟ್ಟು ಬೇರೆ. ಗುರುತಿಲ್ಲದವರಿಗಾಗಿ ಹಸುವಿನ ದುಡ್ಡು ಬಿಟ್ಟುಕೊಡುವವರು ನಮ್ಮ ಮನೆಯಲ್ಲಿ ಇನ್ನು ಯಾರೂ ಇಲ್ಲ, ನಾನೂ ಸೇರಿ.

ಅದಕ್ಕೇ ನಿಮಗೊಂದು ಮಾತು. ನಿಮ್ಮವರು ದೂರ ಹೊರಟರೆ ಯಾವ ದಿನ, ಯಾವ ವಿಮಾನ ಎಂದು ಕೇಳಿಟ್ಟುಕೊಳ್ಳಿ, ಜೊತೆಗಾರನ ನಂಬರೂ ಇರಲಿ. "ನೋಡೋಣ" ಅನ್ನುವವನ ಮುಂದಿನಿಂದ ಏಳಬೇಡಿ. ಗೊತ್ತು, ಗೊತ್ತಿಲ್ಲ, ಎರಡರಲ್ಲಿ ಒಂದನ್ನು ಅವನ ಬಾಯಿಂದ ಹೇಳಿಸಿ. ಇಲ್ಲದವನ ಮೇಲೆ ತಪ್ಪು ಹೊರಿಸುವ ಮಾತು ಬಂದರೆ ಟೀ ಅಲ್ಲೇ ಇಟ್ಟು ಎದ್ದು ಬನ್ನಿ. ಮತ್ತೆ, ಹಳೆಯ ಕೊಟ್ಟಿಗೆ ಕೆಡವುವಾಗ ತೊಲೆಯ ಮೇಲೊಮ್ಮೆ ಕೈಯಾಡಿಸಿ. ಗಂಟು ಹಾಕಿದ ಹಗ್ಗ ಸಿಕ್ಕರೆ ಬಿಚ್ಚಬೇಡಿ. ನಾನು ನಮ್ಮದನ್ನು ಹಾಗೇ ತೆಗೆದು ಹೊಸ ಮನೆಯ ಮೊಳೆಗೆ ಹಾಕಿದ್ದೇನೆ.