ಕಲಗಚ್ಚಿನ ಬಾನಿ

ಆಗೆಲ್ಲ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಚರಂಡಿ ಕಂಡದ್ದೇ ಇಲ್ಲ. ಆ ಅಕ್ಕಚ್ಚು, ಗಂಜಿ, ತರಕಾರಿ ಸಿಪ್ಪೆ ಎಲ್ಲವೂ ಕೊಟ್ಟಿಗೆಯ ಬಾಗಿಲಲ್ಲಿದ್ದ ಕಲ್ಲುಬಾನಿಗೆ. ಒಂದು ಹಿಡಿ ಉಪ್ಪು ಬಿದ್ದರೆ ಕಲಗಚ್ಚು. ಹುಳಿ ವಾಸನೆಯ ಆ ನೀರನ್ನು ನಮ್ಮ ಹಸು ಕೆಂಪಿ ತಳ ಕಾಣುವವರೆಗೆ ಹೀರುತ್ತಿತ್ತು. ಸುರಿಯುವ ಕೆಲಸ ಅಜ್ಜಿಯದು. ಕಣ್ಣಿಗೆ ಪೊರೆ ಬಂದಿದ್ದರೂ ಬಾನಿಯ ಅಂಚನ್ನು ಕೈಯಲ್ಲಿ ಸವರಿ, ಹನಿ ಹೊರಗೆ ಚೆಲ್ಲದಂತೆ ಸುರಿಯುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಶ್ರೀರಾಂಪುರದಿಂದ ಸೈಕಲ್ಲಿನಲ್ಲಿ ಬಂದ ಗ್ರಾಮಸೇವಕರು, ಒಣ ರಾಗಿಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಮುಚ್ಚಿಟ್ಟರೆ ಮೂರು ವಾರದಲ್ಲಿ ಮೆತ್ತಗಾಗುತ್ತದೆ, ಕಸುವು ಬರುತ್ತದೆ, ಹಾಲು ಹೆಚ್ಚುತ್ತದೆ ಎಂದರು. ಅಪ್ಪನಿಗೆ ಹೊಸದೆಂದರೆ ಹುಚ್ಚು. ಅಷ್ಟು ನೀರು ಕದಡಲು ಬೇರೆ ಪಾತ್ರೆ ಎಲ್ಲಿತ್ತು? ಕಲಗಚ್ಚಿನ ಬಾನಿಯಲ್ಲೇ ಕದಡಿದರು. ಕೊಡದಲ್ಲಿ ತುಂಬಿ ತಂದು ಪದರ ಪದರಕ್ಕೂ ಚಿಮುಕಿಸಿದರು. ನಾನು ಹುಲ್ಲಿನ ಮೇಲೆ ಹತ್ತಿ ತುಳಿದೆ. ಕೊನೆಗೆ ಗೋಣಿತಾಟು ಹೊದಿಸಿ ಅಂಚಿಗೆ ಕೆಸರು ಮೆತ್ತಿದೆವು.

"ಮೂರು ವಾರ ಬಿಟ್ಟು, ಗಾಳಿಗೆ ಆರಿಸಿ ಹಾಕ್ರಿ, ಏನೂ ಆಗಲ್ಲ. ಈ ನೀರು ಮಾತ್ರ ದನ ಕುಡೀಬಾರ್ದು ಕಣ್ರಿ," ಎಂದು ಗ್ರಾಮಸೇವಕರು ಎರಡು ಸಲ ಹೇಳಿದರು.

ಬಾನಿಯ ತಳದಲ್ಲಿ ಒಂದೆರಡು ಕೊಡದಷ್ಟು ಉಳಿದಿತ್ತು.

"ಲೇ ಸರೋಜಿ, ಅದನ್ನ ತಂಬಿಗೇಲಿ ತೋಡಿ ತಿಪ್ಪೆಗೆ ಚೆಲ್ಲು," ಎಂದು ಹೇಳಿ ಅಪ್ಪ ಅವರನ್ನು ಕಳಿಸಲು ಹೋದರು. ನಾನು ನಾಲ್ಕು ತಂಬಿಗೆ ಚೆಲ್ಲಿದೆ. ಬೀದಿಯಲ್ಲಿ ಗೆಳತಿಯರು ಕುಂಟಾಬಿಲ್ಲೆಯ ಮನೆ ಬರೆಯುತ್ತಿದ್ದರು. ಉಳಿದದ್ದು ಆಮೇಲೆ ಎಂದು ಓಡಿದೆ.

ವಾಪಸ್ಸು ಬಂದ ಅಪ್ಪ ಬೀದಿಯಲ್ಲೇ ಕೇಳಿದರು. "ಚೆಲ್ಲಿದ್ಯೇನೆ?"

"ಹೂಂ ಕಣಪ್ಪ, ಚೆಲ್ದೆ," ಎಂದೆ, ಒಂಟಿಕಾಲಿನಲ್ಲೇ.

ಅಷ್ಟರಲ್ಲಿ ಅಜ್ಜಿ ಮಧ್ಯಾಹ್ನದ ಅಕ್ಕಚ್ಚನ್ನು ಆ ನೀರಿನ ಮೇಲೆಯೇ ಸುರಿದು ಕೆಂಪಿಯ ಹಗ್ಗ ಬಿಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಕೆಂಪಿ ನಡುಗತೊಡಗಿತು. ಬಾಯಲ್ಲಿ ನೊರೆ ಬಂತು, ಹೊಟ್ಟೆ ಉಬ್ಬಿತು. ಅಪ್ಪ ಬಿದಿರಿನ ಗೊಟ್ಟದಲ್ಲಿ ಅದರ ಗಂಟಲಿಗೆ ಹುಣಸೆಹುಳಿ ಹುಯ್ದರು. ಬಿಸಿಲು ಇಳಿಯುವ ಮೊದಲೇ ಅದು ಸತ್ತಿತು.

"ಬಾನಿಯಾಗಿದ್ದುದನ್ನ ಇವಳು ಚೆಲ್ಲವಳೆ. ಚಿಮುಕಿಸೋ ಕೊಡದಾಗೆ ಉಳಿದಿದ್ದ ಯೂರಿಯಾ ನೀರನ್ನ ಅಕ್ಕಚ್ಚು ಅಂತ ಸುರಿದ್ಯೇನವ್ವ?" ಎಂದರು ಅಪ್ಪ.

ಅಜ್ಜಿ ಕೆಂಪಿಯ ಕೊಂಬು ಸವರುತ್ತ ಕೂತಿದ್ದಳು. "ಇರಬೌದು ಕಣಪ್ಪ. ನಂಗೇನು ಕಣ್ಣು ಕಾಣ್ತಾವಾ? ನನ್ ಕೈಯಾರೆ ಕೊಂದೆ."

ನಾನು ಬಿಲ್ಲೆ ಹಿಡಿದು ಅಲ್ಲೇ ನಿಂತಿದ್ದೆ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಮೂರು ವಾರಕ್ಕೆ ಗೋಣಿತಾಟು ಎತ್ತಿದಾಗ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬಂತು. ನನ್ನ ಕಣ್ಣಲ್ಲೂ ಬಂದದ್ದು ಆವತ್ತೇ. ಹುಲ್ಲು ಹೊಂಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಎತ್ತುಗಳು ಕಡ್ಡಿ ಬಿಡದೆ ತಿಂದವು. ಗ್ರಾಮಸೇವಕರು ಹೇಳಿದ್ದೆಲ್ಲ ನಿಜವೇ ಆಗಿತ್ತು.

ಅಜ್ಜಿ ಮತ್ತೆ ಬಾನಿಯ ಹತ್ತಿರ ಹೋಗಲಿಲ್ಲ. ಅಕ್ಕಚ್ಚಿನ ಪಾತ್ರೆಯನ್ನು ನನ್ನ ಕೈಗೇ ಕೊಡುತ್ತಿದ್ದಳು. "ನೀನೇ ಸುರಿಯವ್ವ. ನಿನ್ ಕಣ್ಣು ಚೆನ್ನಾಗವೆ."

ಈಗ ಹೊಸದುರ್ಗದ ನನ್ನ ಮನೆಯಲ್ಲಿ ಅಕ್ಕಿ ತೊಳೆದ ನೀರು ಸಿಂಕಿನಲ್ಲಿ ಹೋಗುತ್ತದೆ. ಕೊಟ್ಟಿಗೆ ಹೋಯಿತು, ಬಾನಿಯೂ ಹೋಯಿತು. ಅದಕ್ಕೆಲ್ಲ ನನಗೆ ಅಂಥ ಬೇಸರವೇನೂ ಇಲ್ಲ. ಕೆಂಪಿ ಸತ್ತ ಮೇಲೆ ಅಜ್ಜಿ ಇನ್ನೂ ಆರು ವರ್ಷ ಬದುಕಿದ್ದಳು. ದಿನಾ ಅವಳ ಕೈಯಿಂದ ಆ ಪಾತ್ರೆ ಇಸಿದುಕೊಂಡೆ. ನಾನು ಚೆಲ್ಲಿರಲಿಲ್ಲ ಎಂದು ಹೇಳಲಿಲ್ಲ. ಅವಳು ತನ್ನ ಕಣ್ಣನ್ನೇ ಬೈದುಕೊಂಡು ಹೋದಳು.