ಬಸವಣ್ಣನ ಮುಂದೆ ಮೂರು ಸೀಡಿ

ಹೋದ ಸೋಮವಾರ ನಮ್ಮತ್ತೆ ಮೂರು ಸೀಡಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಓಣಿಯ ಬಸವಣ್ಣನ ಗುಡಿಗೆ ಹೊರಟರು. ಪ್ರಸಾದ ಕೇಳಲು.

ನಗಬೇಡಿ. ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಬೋರು ಹಾಕಿಸುವ ಮೊದಲು, ಹೆಣ್ಣು ಕೊಡುವ ಮೊದಲು ದೇವರ ಪ್ರಸಾದ ಕೇಳುವುದುಂಟು. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ ಕೈಮುಗಿದು ಕೂರುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಬೋರಿಗೆ ಹೇಳುವ ದೇವರು ಕಂಪ್ಯೂಟರಿಗೆ ಹೇಳಲಾರನೇ? ಇದು ಅತ್ತೆಯ ವಾದ.

ಸೀಡಿಗಳು ನಮ್ಮ ಮನೆಯವರವು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. (ಹೋಗಿ ವರ್ಷವಾಗುತ್ತ ಬಂತು. 'ಆಗಿದ್ದರು' ಎಂದು ಬರೆಯಲು ಇನ್ನೂ ಕೈ ಬರುವುದಿಲ್ಲ.) ಪ್ರಶ್ನೆಪತ್ರಿಕೆ ಮಾಡಲೆಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದನ್ನು ತಂದಿದ್ದರು. ತಂದ ದಿನದಿಂದ ಅದರ ಜೊತೆ ಜಗಳ.

"ಅಲ್ಲ ಗಿರಿಜಾ, ನಾನು ಇದರ ಜೊತಿ ಕನ್ನಡದಾಗ ಮಾತಾಡ್ತೀನಿ. ಇದು ನನ್ನ ಜೊತಿ ಇಂಗ್ಲೀಷಿನ್ಯಾಗ ಮಾತಾಡ್ತೈತಿ. ಯಾವೂರ ನ್ಯಾಯ ಇದು?"

ಆಗ ಯಾರೋ ಅವರ ಕಿವಿಗೆ ಲಿನಕ್ಸ್ ಎಂಬ ಹೆಸರು ಹಾಕಿದರು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವಂತೆ, ಬಿಟ್ಟಿಯಂತೆ, ಯಾರು ಬೇಕಾದರೂ ತಿದ್ದಬಹುದಂತೆ. ಯಾರೋ ಪುಣ್ಯಾತ್ಮರು ಅದಕ್ಕೆ ಕನ್ನಡವನ್ನೂ ಕಲಿಸುತ್ತಿದ್ದಾರಂತೆ! ಮೇಷ್ಟ್ರ ನಿದ್ದೆ ಹಾರಿಹೋಯಿತು. ಮ್ಯಾಗಜಿನ್ ಜೊತೆ ಬಂದದ್ದು ಎರಡು, ಅಂಚೆಯಲ್ಲಿ ತರಿಸಿದ್ದು ಒಂದು, ಮನೆಯಲ್ಲಿ ಮೂರು ನಮೂನೆಯ ಲಿನಕ್ಸ್ ಸೇರಿದವು.

ಅಲ್ಲಿಂದ ಶುರುವಾಯಿತು ನೋಡಿ ಪಜೀತಿ. ಯಾವುದನ್ನು ಹಾಕುವುದು?

ಒಂದರ ಮೇಲೆ ಟೋಪಿಯ ಚಿತ್ರ. ಒಂದರ ಮೇಲೆ ಓತಿಕ್ಯಾತ. ಇನ್ನೊಂದರ ಮೇಲೆ ಕೈಕೈ ಹಿಡಿದು ನಿಂತ ಮಂದಿ. ಚುನಾವಣೆಯ ಚಿಹ್ನೆಗಳಿದ್ದ ಹಾಗೆ. ಸಂಜೆ ಮಂಚದ ಮೇಲೆ ಮೂರನ್ನೂ ಹರಡಿಕೊಂಡು ಕೂರುತ್ತಿದ್ದೆವು. "ಇದನ್ನ ಹಾಕೋಣೇನ್ರಿ?" "ಹೆಂಗೈತೋ ಏನೋ." "ಹಂಗಾರ ಅದು?" "ತಡಿ, ಯಾರನ್ನರ ಕೇಳೋಣು." ಚಹಾ ಆರುತ್ತಿತ್ತು, ಸೀಡಿಗಳು ಮತ್ತೆ ಮೇಜಿನ ಡ್ರಾ ಸೇರುತ್ತಿದ್ದವು.

ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟು ಹೆದರಿಕೆ ಯಾಕೆ? ನನಗನ್ನಿಸುವುದು ಇದು. ದುಡ್ಡು ಕೊಟ್ಟು ತಂದ ಸೀರೆ ಬಣ್ಣ ಬಿಟ್ಟರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬಹುದು. ಬಿಟ್ಟಿಯದು ಕೆಟ್ಟರೆ ಯಾರನ್ನು ಬಯ್ಯೋಣ?

ಮೇಷ್ಟ್ರು ಹೋದ ಮೇಲೆ ಕಂಪ್ಯೂಟರ್ ರಿಪೇರಿಯ ಖಾಸೀಮನನ್ನು ಕೇಳಿದರೆ ಅವನು ಇನ್ನಷ್ಟು ಹೆದರಿಸಿದ. "ನಾನೂ ಒಮ್ಮಿ ಹಾಕಾಕ ಹೋಗಿದ್ನಿ ಅಕ್ಕಾರ. ಒಂದು ಬಟನ್ ಒತ್ತಿದ್ನಿ, ಡಿಸ್ಕು ಪೂರಾ ಖಾಲಿ! ಒಳಗ ಏನೈತಿ ಅದು ಹೋದ್ರ ಹೋಗ್ಲಿ ಅನ್ನಂಗಿದ್ರ ಹಾಕ್ರಿ."

ಹೋದರೆ ಹೋಗಲಿ ಅನ್ನಲು ಆಗುತ್ತದೆಯೇ? ಅದರೊಳಗೆ ಅವರ ದನಿ ಇದೆ.

ಹೊಸ ಮೈಕು ತಂದ ದಿನ ಅದನ್ನು ಪರೀಕ್ಷೆ ಮಾಡಿದ್ದರು. "ಹಲೋ, ಹಲೋ... ಗಿರಿಜಾ, ಚಾ ಆತೇನು?" ಹಿಂದಿನಿಂದ, ಅಡುಗೆಮನೆಯಿಂದ ನನ್ನ ಕೂಗು, "ತಡೀರಿ, ಬಂದೆ!" ಅಷ್ಟೇ. ಅವರ ದನಿ ಈ ಭೂಮಿಯ ಮೇಲೆ ಇರುವುದು ಅಲ್ಲಿ ಮಾತ್ರ. (ಫ್ಲಾಪಿಯಲ್ಲಿ ಹಿಡಿಯಲಿಲ್ಲ. ಸೀಡಿ ಬರೆಯುವ ಯಂತ್ರ ಊರಲ್ಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಹೊತ್ತು ಹೊಸಪೇಟೆ ಬಸ್ಸು ಹತ್ತೋಣವೆಂದರೆ, ಆ ಕುಲುಕಾಟಕ್ಕೆ ಏನಾದರೂ ಆದರೆ?)

ಅವರ ಆಸೆಯನ್ನು ನಡೆಸಬೇಕು. ಅವರ ದನಿ ಉಳಿಯಬೇಕು. ಎರಡೂ ಬೇಕು ನನಗೆ. ನನ್ನ ಒದ್ದಾಟ ನೋಡಲಾಗದೆ ಅತ್ತೆ ಗುಡಿಗೆ ಹೊರಟಿದ್ದು. ನಾನೂ ಹಿಂದೆ ಹೋದೆ.

"ಏನಬೇ ಇದು?" ಎಂದರು ಪೂಜಾರಪ್ಪ.

"ನನ್ನ ಮಗನ ಆಸೆ. ಕೇಳು ನೀನು," ಎಂದರು ಅತ್ತೆ.

ಮೂರೂ ಸೀಡಿಗಳಿಗೆ ಕುಂಕುಮ ಹಚ್ಚಿ ತೀರ್ಥ ಚಿಮುಕಿಸಿದ್ದಾಯಿತು. ಟೋಪಿಯದಕ್ಕೆ ಹೂವು ಎಡಕ್ಕೆ ಬಿತ್ತು. ಓತಿಕ್ಯಾತದ್ದನ್ನು ಕೇಳಲು ಅತ್ತೆಯೇ ಬಿಡಲಿಲ್ಲ. "ಹಲ್ಲಿ ಜಾತಿ, ಬ್ಯಾಡ." ಕೈ ಹಿಡಿದ ಮಂದಿಯ ಸರದಿ ಬಂದಾಗ ಹೂವು ಬೀಳಲೇ ಇಲ್ಲ. ಮಂಡಿ ನೋಯುವ ತನಕ ಕೂತೆವು. ಬಸವಣ್ಣ ಜಪ್ಪಯ್ಯ ಅನ್ನಲಿಲ್ಲ.

"ಬ್ಯಾಡ ಅಂದಿಲ್ಲಲ್ಲವಾ. ವಿಚಾರ ಮಾಡು ಅಂದಾನ," ಎಂದು ಅತ್ತೆ ಎದ್ದರು.

ಮನೆಗೆ ಬಂದು ಆ ಸೀಡಿಯ ಲಕೋಟೆಗೆ ಅಂಟಿದ್ದ ಕುಂಕುಮದ ರಾಡಿ ಒರೆಸುತ್ತ ಕೂತೆ. ಒರೆಸಿದ ಕಡೆ ಸಣ್ಣ ಅಕ್ಷರ. ಅಷ್ಟೊಂದು ಸಂಜೆ ಚಿತ್ರ ನೋಡಿದ ನಾವಿಬ್ಬರೂ ಅದನ್ನು ಓದಿರಲಿಲ್ಲ. (ಔಷಧಿ ಬಾಟಲಿಯ ಸಣ್ಣ ಅಕ್ಷರವನ್ನೇ ನಾವು ಓದುವುದಿಲ್ಲ.) ಇಂಗ್ಲಿಷಿನಲ್ಲಿ ಬರೆದಿದ್ದರು: ಇದನ್ನು ಹಾಕಲೇಬೇಕೆಂದಿಲ್ಲ. ಸೀಡಿಯಿಂದಲೇ ನಡೆಸಿ ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ ಏನೂ ಬದಲಾಗುವುದಿಲ್ಲ.

ಖಾಸೀಮನನ್ನು ಕರೆದೆ. ಮೂರು ಸಲ ಓದಿಸಿದೆ. ಅವನು ಬಿಸ್ಮಿಲ್ಲಾ ಎಂದು ಸೀಡಿ ತೂರಿಸಿದ. ಅದು ಗರ್ರೆಂದು ತಿರುಗಿತು. ಭಾಷೆಗಳಲ್ಲಿ ಕನ್ನಡವನ್ನು ಹುಡುಕಿ ಒತ್ತಿದೆವು. ಹೊತ್ತು ಹಿಡಿಯಿತು.

ಬಂತು. ಪರದೆಯ ಮೇಲ್ತುದಿಯಲ್ಲಿ 'ಅನ್ವಯಗಳು', 'ಸ್ಥಳಗಳು'. ಒತ್ತಕ್ಷರ ಪಕ್ಕಕ್ಕೆ ಜಾರಿತ್ತು, ಅರ್ಧಕ್ಕರ್ಧ ಇಂಗ್ಲಿಷೇ ಉಳಿದಿತ್ತು. ಮೇಷ್ಟ್ರಿದ್ದರೆ ಕೆಂಪು ಪೆನ್ನು ಹುಡುಕುತ್ತಿದ್ದರು. ಆದರೂ ಕನ್ನಡ!

"ಏನ್ರೀ, ಲಗೂನ ಬರ್ರಿ ಇಲ್ಲಿ!" ಎಂದು ಪಡಸಾಲೆಯ ಕಡೆ ತಿರುಗಿ ಕೂಗಿಬಿಟ್ಟೆ.

ಖಾಸೀಮ ತಲೆ ತಗ್ಗಿಸಿದ. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ಮೇಷ್ಟ್ರು, ನಾನು ಇಬ್ಬರೂ ಕೂಡಿ ಹೆದರಿದ್ದೆವು. ಧೈರ್ಯ ಮಾತ್ರ ನನ್ನೊಬ್ಬಳಿಗೆ ಬಂತು. ಅವರು ಪಕ್ಕದಲ್ಲಿ ಕೂತಿದ್ದಾಗಲೇ ಇದನ್ನು ನೋಡಬಹುದಿತ್ತಲ್ಲ.

ಖಾಸೀಮ ಹೊರಟ ಮೇಲೆ ಸೀಡಿ ತೆಗೆದು ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಹಳೆಯದೆಲ್ಲ ಇದ್ದಲ್ಲೇ ಇತ್ತು. ದನಿಯನ್ನು ಒತ್ತಿದೆ.

"ಹಲೋ, ಹಲೋ... ಗಿರಿಜಾ, ಚಾ ಆತೇನು?"

ಚಾ ಆಗೈತ್ರಿ, ಕನ್ನಡನೂ ಬಂದೈತಿ, ನೀವೆಲ್ಲಿ ಅದೀರಿ?